ಮುಂದಿನ ಸೀಟಿನ ಕೆಲಸ

"ಮುಂದೆ ಕೂರೋರು ಮಲಗೋ ಹಾಗಿಲ್ಲ," ಎಂದ ಡ್ರೈವರ್. "ಮಾತಾಡ್ತಾ ನನ್ನ ಎಚ್ಚರ ಇಡಬೇಕು. ಆಗಲ್ಲ ಅಂದ್ರೆ ಹಿಂದೆ ಆಲೂಗಡ್ಡೆ ಮೂಟೆ ಪಕ್ಕ ಜಾಗ ಇದೆ."

ತುಯಾರಾ ಹಿಂದೆ ತಿರುಗಿ ನೋಡಿದಳು. ಆ ಜಾಗದಲ್ಲಿ ಆಗಲೇ ಒಬ್ಬ ಅಜ್ಜಿ ಕಂಬಳಿಗಳನ್ನು ಹೊದ್ದು, ಮೂಟೆಗೆ ಒರಗಿ, ದೊರೆಸಾನಿಯಂತೆ ಕೂತಿದ್ದಳು.

"ನಾನಂತೂ ಏಳಲ್ಲ ಮಗಳೇ," ಎಂದಳು ಅಜ್ಜಿ. "ಈ ಕೆಸ್ಕಿಲ್ ಹತ್ರ ಮಾತಾಡಿ ಮಾತಾಡಿ ನನ್ನ ಹಲ್ಲೆಲ್ಲ ಉದುರಿದ್ವು. ಈ ಸಲ ನಿನ್ನ ಹಲ್ಲು."

ಯಾಕುತ್ಸ್ಕ್ ಪಟ್ಟಣದ ಮೇಲೆ ಮಂಜು ಕವಿದಿತ್ತು. ಉತ್ತರದ ಹಳ್ಳಿಗಳಿಗೆ ರಸ್ತೆ ಇರುವುದು ನದಿ ಹೆಪ್ಪುಗಟ್ಟಿರುವಷ್ಟು ಕಾಲ ಮಾತ್ರ. ವಸಂತ ಬಂದರೆ ರಸ್ತೆಯೇ ಕರಗಿ ಹರಿದುಹೋಗುತ್ತದೆ. ಅಷ್ಟರೊಳಗೆ ಆಲೂಗಡ್ಡೆ, ಔಷಧಿ, ಟೀಚರ್ ಎಲ್ಲವೂ ಊರು ಸೇರಬೇಕು. ತುಯಾರಾ ತಾಸ್‌ಕ್ಯುಯೋಲ್ ಶಾಲೆಗೆ ಹೊರಟ ಟೀಚರ್. ಯಾರೂ ಒಪ್ಪದ ಊರನ್ನು ಅವಳೇ ಕೇಳಿ ಪಡೆದಿದ್ದಳು.

ಅವಳು ಮುಂದೆ ಕೂತಳು. ವ್ಯಾನು ಮಂಜನ್ನು ಸೀಳಿಕೊಂಡು ಹೆಪ್ಪುಗಟ್ಟಿದ ನದಿಯ ಮೇಲಕ್ಕೆ ಇಳಿಯಿತು. ಬಹಳ ಹೊತ್ತು ಎಂಜಿನ್ನಿನದೊಂದೇ ಸದ್ದು.

"ಟೀಚರ್, ನಿದ್ದೆ ಬರ್ತಿದೆ," ಎಂದ ಕೆಸ್ಕಿಲ್.

"ಏನು ಮಾತಾಡಲಿ?"

"ಏನಾದ್ರೂ. ಕಪ್ಪೆ ಹೊಟ್ಟೆಯಲ್ಲಿ ಏನಿರುತ್ತೆ ಅಂತಾನಾದ್ರೂ ಹೇಳಿ."

"ಕಪ್ಪೆ ಯಾಕೋ?" ಹಿಂದಿನಿಂದ ಅಜ್ಜಿ ಕೂಗಿದಳು. "ಗಂಡ ಏನ್ಮಾಡ್ತಾನೆ ಕೇಳು!"

"ತಾಸ್‌ಕ್ಯುಯೋಲ್‌ನಲ್ಲಿ ಇದ್ದಾನೆ," ಎಂದಳು ತುಯಾರಾ. "ನನಗೋಸ್ಕರ ಕಾಯ್ತಿದ್ದಾನೆ."

ಗಂಡ ಎರ್ಚಿಮ್ ಸತ್ತು ಇದು ಎರಡನೆಯ ಚಳಿಗಾಲ. ಸತ್ತ ಎಂಬ ಮಾತನ್ನು ಅವಳು ಇದುವರೆಗೆ ಬಾಯಿಬಿಟ್ಟು ಹೇಳಿರಲಿಲ್ಲ. ಹೇಳಬೇಕಾದವರಿಗೆಲ್ಲ ಬೇರೆಯವರೇ ಹೇಳಿ ಮುಗಿಸಿದ್ದರು. ಸುಳ್ಳು ಸಲೀಸಾಗಿ ಬಂತು. ಬಂದದ್ದಕ್ಕೆ ಅವಳಿಗೆ ಏನೂ ಅನ್ನಿಸಲಿಲ್ಲ. ಇತ್ತೀಚೆಗೆ ಯಾವುದಕ್ಕೂ ಏನೂ ಅನ್ನಿಸುತ್ತಿರಲಿಲ್ಲ.

"ಹೇಗೆ ಮನುಷ್ಯ?" ಎಂದ ಕೆಸ್ಕಿಲ್, ರಸ್ತೆ ನೋಡುತ್ತಲೇ.

"ಗ್ಲೌಸ್ ಕಳೀತಾನೆ."

"ಎಲ್ರೂ ಕಳೀತಾರೆ."

"ಇವನು ಎಡಗೈದು ಮಾತ್ರ ಕಳೀತಾನೆ. ಮನೆ ತುಂಬ ಬಲಗೈ ಗ್ಲೌಸೇ."

ಕೆಸ್ಕಿಲ್ ನಕ್ಕ. ನಕ್ಕಾಗ ಅವನ ರೆಪ್ಪೆಯ ಮೇಲಿದ್ದ ಹಿಮದ ಹುಡಿ ಕರಗಿ ಕೆನ್ನೆಗೆ ಇಳಿಯಿತು. ಅವನು ಅದನ್ನು ಒರೆಸಿಕೊಳ್ಳಲಿಲ್ಲ. ಒರೆಸಿಕೊಂಡರೆ ಅವಳು ಮಾತು ನಿಲ್ಲಿಸಿಬಿಡುತ್ತಾಳೆ ಎಂಬಂತೆ ಕೂತಿದ್ದ. ತಾನು ಅದನ್ನು ಗಮನಿಸಿದೆ ಎಂಬುದು ತುಯಾರಾಗೆ ತುಸು ಹೊತ್ತಿನ ಮೇಲೆ ಹೊಳೆಯಿತು.

ಅವಳು ಮಾತಾಡಿದಳು. ಕುದುರೆ ಸಾಕುವ ಮನೆಯಲ್ಲಿ ಹುಟ್ಟಿದ ಎರ್ಚಿಮ್ ಹಸು ಕಂಡರೆ ಬೇಲಿ ಹತ್ತುತ್ತಿದ್ದುದು. ಚಹಾಕ್ಕೆ ಹಾಲು ಮೊದಲೋ ನಂತರವೋ ಎಂಬ ಜಗಳ ಮೂರು ದಿನ ನಡೆದದ್ದು. ಎಲ್ಲವನ್ನೂ 'ಮಾಡುತ್ತಾನೆ', 'ಹೇಳುತ್ತಾನೆ' ಎಂದೇ ಹೇಳಿದಳು. ಆ ರಾತ್ರಿ ದಾರಿಯ ಹೋಟೆಲಿನ ಬೆಂಚಿನ ಮೇಲೆ ಮಲಗಿದಾಗ ಗಂಟಲು ನೋಯುತ್ತಿತ್ತು, ಬಹಳ ದಿನ ನಡೆಯದೆ ಒಮ್ಮೆಲೇ ನಡೆದ ಕಾಲಿನ ಹಾಗೆ.

ಮರುದಿನ ಗಾಜಿನ ಮೇಲೆ ಹಿಮ ಕಟ್ಟಿ, ಹೊರಗೆ ನೋಡಲು ಅಂಗೈಯಗಲದ ಜಾಗ ಉಳಿಯಿತು. ಇಬ್ಬರೂ ಅದರಲ್ಲೇ ನೋಡಬೇಕು. ಅವಳು ಬಾಗಿದಾಗ ಅವನು ಹಿಂದೆ ಸರಿಯುತ್ತಿದ್ದ. ಅವನು ಬಾಗಿದಾಗ ಅವಳು ಸರಿಯುತ್ತಿದ್ದಳು. ಒಂದು ಸಲ ಇಬ್ಬರೂ ಸರಿಯಲಿಲ್ಲ.

"ಗಂಡನ ಮೇಲೆ ಸಿಟ್ಟು ಬರುತ್ತಾ ನಿಮಗೆ?" ಎಂದು ಕೇಳಿದ.

"ಬರುತ್ತೆ."

"ಯಾಕೆ?"

"ಅವನು ಮಾತಾಡಲ್ಲ," ಎಂದಳು ತುಯಾರಾ.

ಕೆಸ್ಕಿಲ್ ಗೇರು ಬದಲಿಸಿದ. ಬದಲಿಸುವ ಅಗತ್ಯ ಇರಲಿಲ್ಲ.

ಮಧ್ಯಾಹ್ನಕ್ಕೆ ಅಜ್ಜಿಯ ಊರು ಬಂತು. ಕೆಸ್ಕಿಲ್ ಅವಳ ಗಂಟುಗಳನ್ನು ಇಳಿಸಿದ. ಅಜ್ಜಿ ಸೊಂಟಕ್ಕೆ ಕೈಯಿಟ್ಟು, ವ್ಯಾನಿನೊಳಗೂ ಕೇಳಿಸಲಿ ಎಂಬಂತೆ ಗದರಿದಳು.

"ಯಾವಾಗ್ಲೂ ಗಾಳಿ ಹಾಗೆ ಕರ್ಕೊಂಡು ಬರ್ತಿದ್ದೆ. ಈ ಸಲ ಗಬ್ಬದ ಹಸು ಕೂಡ ನಮ್ಮನ್ನ ಹಿಂದೆ ಹಾಕ್ತು!"

"ರಸ್ತೆ ಸರಿಯಿಲ್ಲ ಅಜ್ಜಿ."

"ರಸ್ತೆ ನೆಟ್ಟಗೇ ಇದೆ. ನಿನ್ನ ತಲೆ ನೆಟ್ಟಗಿಲ್ಲ. ಲೋ, ಗಂಡ ಕಾಯ್ತಿರೋ ಹೆಂಗಸು ಅವಳು. ಬೇಗ ಮುಟ್ಟಿಸು."

ಕೆಸ್ಕಿಲ್ ಒಳಗೆ ಬಂದು ಕೂತ. ಕಿವಿ ಕೆಂಪಾಗಿತ್ತು, ಅದು ಚಳಿಗೂ ಇರಬಹುದು. ವ್ಯಾನು ಈಗ ಗಾಳಿಯಂತೆ ಓಡಿತು.

"ಬೇಕಾದ್ರೆ ಮಲಗಿ ಟೀಚರ್," ಎಂದ ಸ್ವಲ್ಪ ದೂರ ಹೋದ ಮೇಲೆ. "ಇನ್ನು ಮಾತು ಬೇಡ. ನಾನು ಎಚ್ಚರವಾಗೇ ಇರ್ತೀನಿ."

ತುಯಾರಾ ಮಲಗಲಿಲ್ಲ. ಎದೆಯ ಎಡಭಾಗದಲ್ಲಿ ಏನೋ ಚುಚ್ಚಿತು. ಮರಗಟ್ಟಿದ ಬೆರಳಿಗೆ ರಕ್ತ ಮರಳುವಾಗ ನೋಯುತ್ತದೆ ಎಂದು ಅವಳೇ ಮಕ್ಕಳಿಗೆ ಪಾಠ ಮಾಡಿದ್ದಳು. ನಿಜವನ್ನು ಈಗಲೇ ಹೇಳಿಬಿಡಬೇಕು ಅಂದುಕೊಂಡಳು. ಆ ತಿರುವು ದಾಟಲಿ, ಆ ಗುಡ್ಡ ದಾಟಲಿ. ಗುಡ್ಡ ದಾಟಿದರೆ ಅಲ್ಲೇ ತಾಸ್‌ಕ್ಯುಯೋಲ್.

ಗಾಳಿಯಿರಲಿಲ್ಲ. ಒಂದೊಂದು ಮನೆಯ ಹೊಗೆಯೂ ಬಿಳಿಯ ಕಂಬದಂತೆ ನೆಟ್ಟಗೆ ನಿಂತಿತ್ತು. ಶಾಲೆಯ ಪಕ್ಕದ ಟೀಚರ್ ಮನೆಯ ಚಿಮಣಿಯ ಮೇಲೆ ಮಾತ್ರ ಬರಿಯ ಆಕಾಶ. ಬಾಗಿಲ ಮುಂದೆ ಮೊಣಕಾಲುದ್ದ ಹಿಮ. ಅದರ ಮೇಲೆ ಒಂದು ಹೆಜ್ಜೆ ಗುರುತೂ ಇಲ್ಲ.

ಕೆಸ್ಕಿಲ್ ಚಿಮಣಿ ನೋಡಿದ. ಹಿಮ ನೋಡಿದ. ಸಲಿಕೆ ತಂದು ದಾರಿ ಮಾಡಿದ, ಪೆಟ್ಟಿಗೆ ಒಳಗಿಟ್ಟ, ಒಲೆಯ ಮುಂದೆ ಕೂತು ಸೌದೆ ಜೋಡಿಸಿದ. ಬೆಂಕಿ ಹತ್ತಿಕೊಂಡ ಮೇಲೂ ಅದರ ಕಡೆಗೇ ಮುಖ ಮಾಡಿಕೊಂಡಿದ್ದ.

ಅವನು ಎದ್ದು ಹೋಗಿಬಿಟ್ಟರೆ ಆ ಸುಳ್ಳು ಈ ಮನೆಯಲ್ಲೇ ಉಳಿಯುತ್ತದೆ, ಅವಳ ಜೊತೆಯಲ್ಲಿ.

"ಅವನು ಸತ್ತ," ಎಂದಳು ತುಯಾರಾ. "ಹೋದ ವರ್ಷದ ಚಳಿಗಾಲದಲ್ಲಿ. ಆಸ್ಪತ್ರೆಯಲ್ಲಿ."

ಮನೆ ಇನ್ನೂ ಬೆಚ್ಚಗಾಗಿರಲಿಲ್ಲ. ಮಾತು ಬಿಳಿ ಉಸಿರಾಗಿ ಹೊರಬಂದು, ಸ್ವಲ್ಪ ಹೊತ್ತು ಇಬ್ಬರ ನಡುವೆ ನಿಂತು, ಹೋಯಿತು.

ಕೆಸ್ಕಿಲ್ ಇನ್ನೊಂದು ಸೌದೆ ಇಟ್ಟ. "ಎಡಗೈ ಗ್ಲೌಸ್?"

"ಅದು ನಿಜ. ಎಲ್ಲಾ ನಿಜ. ಕಾಯ್ತಿದ್ದಾನೆ ಅನ್ನೋದೊಂದು ಸುಳ್ಳು."

ಅವನು ತಲೆಯಾಡಿಸಿದ. ಕೈ ಒರೆಸಿಕೊಂಡು ಎದ್ದ.

"ನಂದೂ ಒಂದಿದೆ."

"ಏನು?"

"ನಿದ್ದೆ. ಹೊರಟಾಗಿಂದ ಒಂದು ಸಲವೂ ಬಂದಿರಲಿಲ್ಲ."

"ಹಾಗಾದ್ರೆ ನಾನು ಸುಮ್ನೆ ಗಂಟಲು ಹರ್ಕೊಂಡ್ನಾ?"

"ನೀವು ಕೂತಿದ್ದ ರೀತಿ..." ಅವನು ಟೊಪ್ಪಿಗೆಯನ್ನು ಕೈಯಲ್ಲಿ ತಿರುಗಿಸಿದ. "ಮಾತಾಡ್ಲಿ ಅನ್ನಿಸ್ತು. ಆಮೇಲೆ, ನಿಲ್ಲಿಸದೇ ಇರ್ಲಿ ಅನ್ನಿಸ್ತು."

ತುಯಾರಾ ನಕ್ಕಳು. ಅದು ಒಣಗಿದ ನಗು. ಆದರೂ ನಗುವೇ.

ಹೊರಗೆ ಎಂಜಿನ್ ಗುರುಗುಟ್ಟುತ್ತಿತ್ತು. ಮುಂದಿನ ಊರಿಗೆ ಔಷಧಿ ಹೋಗಬೇಕು. ಇಂಥ ದಿನ ಬರುತ್ತೇನೆ ಎಂದು ಆ ಸೀಮೆಯ ಡ್ರೈವರುಗಳು ಹೇಳುವುದಿಲ್ಲ. ರಸ್ತೆ ಕೇಳಿಸಿಕೊಂಡು ಅಡ್ಡ ಹಾಕಿಬಿಡುತ್ತದೆ ಎಂಬ ಭಯ. ಯಾವಾಗ ಎಂದು ಕೇಳಬಾರದೆಂದು ಅವಳಿಗೂ ಗೊತ್ತು. ಕೆಸ್ಕಿಲ್ ಹೊಸ್ತಿಲಲ್ಲಿ ನಿಂತ.

"ವಾಪಸ್ ಬರೋದೂ ಇದೇ ದಾರೀಲಿ, ಟೀಚರ್."

"ಬೇರೆ ದಾರಿ ಇದೆಯಾ?"

"ಇಲ್ಲ," ಎಂದ ಕೆಸ್ಕಿಲ್.