ಕೈಗುಣದವಳ ಕೈಗೆ ಹೋಗದ ನೋವು

ಅವಳ ಕೈಗುಣ ಎಂಥದ್ದು ಎಂದು ಕೇಳುತ್ತೀರಾ? ಕೇಳಿ. ಆ ಹಳೆಯ ಕಟ್ಟಡದಲ್ಲಿ ಒಂದು ಲಿಫ್ಟು ವರ್ಷಗಟ್ಟಲೆ ಕೆಟ್ಟು ನಿಂತಿತ್ತು. ಜೇಡಗಳು ಅದರೊಳಗೆ ಸಂಸಾರ ಹೂಡಿ, ಮೊಮ್ಮಕ್ಕಳನ್ನು ಕಂಡು, ವಯಸ್ಸಾಗಿ ಸತ್ತಿದ್ದವು. ಒಂದು ಸಂಜೆ ಅವಳು ಅದರ ಬಾಗಿಲಿಗೆ ಅಂಗೈ ಇಟ್ಟಳು, ಅಷ್ಟೇ! ಲಿಫ್ಟು ಗಡಗಡ ನಡುಗಿ, ಜೀವ ಬಂದು, ಸೀದಾ ಮೇಲಕ್ಕೆ ಹಾರಿ ಐದನೇ ಮಹಡಿಯಲ್ಲಿ ಹೋಗಿ ನಿಂತಿತು.

ಆ ಕಟ್ಟಡಕ್ಕಿದ್ದದ್ದು ನಾಲ್ಕೇ ಮಹಡಿ!

ನಂಬಲಿಲ್ಲವೇ? ಪರವಾಗಿಲ್ಲ. ಅವಳೂ ನಂಬಲಿಲ್ಲ. ಬೆಚ್ಚಿಬಿದ್ದು ಕೈ ಹಿಂದಕ್ಕೆಳೆದುಕೊಂಡಳು. ಅಷ್ಟರಲ್ಲಿ ಪಕ್ಕದ ಕಬ್ಬಿಣದ ಕಿರುಬಾಗಿಲು ಕಿರ್ರೆಂದು ತೆರೆದು, ಮೈತುಂಬ ಗ್ರೀಸು ಮೆತ್ತಿಕೊಂಡ ಒಬ್ಬ ಹೊರಬಂದ.

"ನೀವು ಮುಟ್ಟಿದ್ರಾ?"

"ಹೌದು... ಕ್ಷಮಿಸಿ, ಗೊತ್ತಾಗ್ಲಿಲ್ಲ..."

"ಕ್ಷಮೆ ಯಾಕ್ರೀ! ಬೆಳಗ್ಗೆಯಿಂದ ನಾನು ಬೈದೆ, ಒದ್ದೆ, ಕೈ ಮುಗಿದೆ. ಜಗ್ಗಲಿಲ್ಲ. ನೀವು ಮುಟ್ಟಿದ ತಕ್ಷಣ ಓಡ್ತಲ್ಲ! ಇನ್ನು ನನ್ನ ಹೊಟ್ಟೆಪಾಡು ಏನು?"

ಅವಳ ತುಟಿಯಂಚು ಅಲುಗಿತು. ಅಮ್ಮ ಹೋದ ಮೇಲೆ ಆ ತುಟಿ ನಗುವಿನ ದಾರಿಯನ್ನೇ ಮರೆತಿತ್ತು. 'ಇದೇನಿದು... ನಾನು ನಕ್ಕೆನಾ?' ತನಗೆ ತಾನೇ ಗಾಬರಿಯಾಗಿ ಮೆಟ್ಟಿಲು ಹತ್ತಿ ಓಡಿದಳು.

ಅವಳನ್ನು ಎಲ್ಲರೂ ಕೈಗುಣದವಳು ಎಂದೇ ಕರೆಯುತ್ತಿದ್ದರು. ಮೂರನೇ ಮಹಡಿಯ ಅವಳ ಕೋಣೆಯಲ್ಲಿ ಒಂದು ಬೂದು ಪರದೆ. ಅದರ ಹಿಂದೆ, ಗೋಡೆಗೆ ಮುಖ ಮಾಡಿದ ಒಂದು ಕುರ್ಚಿ. ನೋವಿದ್ದವರು ಅಲ್ಲಿ ಕೂರಬೇಕು, ಅವಳು ಹಿಂದಿನಿಂದ ಬಂದು ಕೈ ಇಡಬೇಕು. ಸೊಂಟ ಹಿಡಿದವರು ಕುಣಿಯುತ್ತ ಇಳಿದಿದ್ದಾರೆ. ಹಲ್ಲುನೋವಿನವನೊಬ್ಬ ಹೋಗುವಾಗ ಮೆಟ್ಟಿಲಿನ ಕಬ್ಬಿಣದ ಸರಳನ್ನೇ ಕಡಿದು ತೋರಿಸಿದ!

"ಮುಖ ಗೋಡೆಗೆ, ಬಾಯಿಗೆ ಬೀಗ!" ಬಾಗಿಲಲ್ಲಿ ಕೂತ ಅವಳ ಚಿಕ್ಕಮ್ಮ ಬಂದವರಿಗೆಲ್ಲ ಹೇಳುತ್ತಿದ್ದಳು. "ಹೆಸರು ಬೇಡ, ಕಷ್ಟಸುಖ ಬೇಡ. ಎಲ್ಲಿ ನೋವು ಅಂತ ತೋರಿಸಿ, ಸಾಕು."

ಆ ಕಟ್ಟಳೆಯ ಹಿಂದೆ ಒಂದು ಗಾಯವಿತ್ತು.

ಅಮ್ಮ ಹಾಸಿಗೆ ಹಿಡಿದಾಗ ಅವಳು ಹಗಲೆಲ್ಲ ಅಮ್ಮನ ಹೊಟ್ಟೆಯ ಮೇಲೆ ಅಂಗೈ ಒತ್ತಿ ಕೂತಿದ್ದಳು. ಕಂಡವರ ನೋವನ್ನೆಲ್ಲ ಕರಗಿಸಿದ ಕೈ ಅಲ್ಲಿ ಮಾತ್ರ ಕಟ್ಟಿಗೆಯಂತೆ ಬಿದ್ದಿತ್ತು. "ಹೋಯ್ತಾ ಅಮ್ಮಾ?" ಎಂದು ಕೇಳಿದಾಗಲೆಲ್ಲ ಅಮ್ಮ ಇಲ್ಲವೆಂದು ತಲೆಯಾಡಿಸುತ್ತಿದ್ದಳು. ಆದರೂ, "ಕೈ ತೆಗೀಬೇಡ ಕಂದಾ... ಇರ್ಲಿ," ಎನ್ನುತ್ತಿದ್ದಳು.

ಹೋಗದ ನೋವಿಗೆ ಕೈ ಯಾಕೆ ಬೇಕಿತ್ತು? ಅವಳಿಗೆ ಅರ್ಥವಾಗಲೇ ಇಲ್ಲ. ಅರ್ಥವಾದದ್ದು ಇಷ್ಟೇ: ತಾನು ಪ್ರೀತಿಸಿದವರಿಗೆ ಈ ಕೈ ದಕ್ಕುವುದಿಲ್ಲ. ಅದಕ್ಕೇ ಗೋಡೆಗೆ ಮುಖ, ಅದಕ್ಕೇ ಬಾಯಿಗೆ ಬೀಗ. ಯಾರೂ ಹತ್ತಿರವಾಗದಿದ್ದರೆ ಯಾರಿಗೂ ಮೋಸವಿಲ್ಲ...

ಅಂಥ ಕೋಣೆಗೆ ಮರುದಿನವೇ ಲಿಫ್ಟಿನವನು ಬಂದು ಕೂತ.

"ಬಲಭುಜ," ಎಂದ. ಅಲ್ಲಿಗೆ ನಿಲ್ಲಿಸಬೇಕಿತ್ತು. ಆದರೆ ಆ ಬಾಯಿಗೆ ಹೊಂದುವ ಬೀಗ ಯಾವ ಕಾರ್ಖಾನೆಯಲ್ಲೂ ತಯಾರಾಗಿರಲಿಲ್ಲ. "ಹಗ್ಗ ಕಡಿದು ಬೀಳ್ತಿದ್ದ ಲಿಫ್ಟನ್ನ ಒಂದೇ ಕೈಯಲ್ಲಿ ಹಿಡಿದು ನಿಲ್ಲಿಸಿದೆ. ಒಳಗೆ ಹನ್ನೆರಡು ಜನ. ಅದರಲ್ಲಿ ಮೂವರು ಡೊಳ್ಳು ಹೊಟ್ಟೆಯೋರು!"

"ಸುಳ್ಳಿಗೂ ಒಂದು ಮಿತಿ ಬೇಡ್ವೇನಯ್ಯಾ?" ಹೊರಗಿನಿಂದ ಚಿಕ್ಕಮ್ಮನ ದನಿ.

"ಸರಿ ಚಿಕ್ಕಮ್ಮ, ಇಬ್ರು ಅಂತಲೇ ಇಟ್ಕೊಳ್ಳಿ."

ಅವಳು ಅವನ ಭುಜದ ಮೇಲೆ ಅಂಗೈ ಇಟ್ಟಳು. ಅಂಗಿಯ ಕೆಳಗೆ ಮಾಂಸಖಂಡ ಸಣ್ಣಗೆ ಅದುರುತ್ತಿತ್ತು. ಎಂದೂ ಇಲ್ಲದಂತೆ ಅವಳ ಎದೆಯೂ ಅದುರಿತು.

"ಹೋಯ್ತಾ?" ಎಂದಳು. ಅಮ್ಮನನ್ನು ಕೇಳುತ್ತಿದ್ದ ಅದೇ ಹೆದರಿದ ದನಿ!

ಅವನು ಗೋಡೆಯಿಂದ ಅರ್ಧ ಮುಖ ತಿರುಗಿಸಿದ. ಆಮೇಲೆ, "ಹೋಯ್ತು! ಬುಡಸಮೇತ ಹೋಯ್ತು!" ಎಂದು ಕೂಗಿದ. ಹೊರಗೆ ಕಾದು ಕೂತವರು ಭಲೇ ಎಂದರು.

ಅವಳಿಗೆ ನಿರಾಳವಾಯಿತು. ಆ ನಿರಾಳದ ತಳದಲ್ಲಿ ಯಾಕೋ ಒಂದು ಸಣ್ಣ ನಿರಾಸೆ... 'ಹಾಗಾದರೆ ಇವನೂ ನನಗೆ ಯಾರೂ ಅಲ್ಲ.'

ಯಾರೂ ಅಲ್ಲದವನು ಮತ್ತೆ ಮತ್ತೆ ಬಂದ. ಒಮ್ಮೆ ಕುತ್ತಿಗೆ, ಒಮ್ಮೆ ಮೊಣಕಾಲು, ಒಮ್ಮೆ ಕಿವಿಯ ಹಾಲೆ. "ಕಿವಿ ಹಾಲೆಗೂ ನೋವು ಬರುತ್ತೇನೋ?" ಎಂದು ಚಿಕ್ಕಮ್ಮ ಕೇಳಿದರೆ, "ನೀವು ಬೈದು ಬೈದು ಬಂದಿದ್ದು," ಎನ್ನುತ್ತಿದ್ದ. ಪ್ರತಿ ಸಲವೂ ನೋವು ಹೋಗುತ್ತಿತ್ತು. ಪರದೆ ಸರಿಸುವುದು, ಬಾಗಿಲು ತಳ್ಳುವುದು, ಎಲ್ಲವೂ ಎಡಗೈಯಲ್ಲಿ. ಎಡಚನಿರಬೇಕು ಎಂದುಕೊಂಡಳು.

ಅವನು ಬಾರದ ದಿನ ಆ ಬೂದು ಕೋಣೆ ಇನ್ನಷ್ಟು ಬೂದಾಗುತ್ತಿತ್ತು.

ಒಂದು ಸಂಜೆ ಮೆಟ್ಟಿಲ ತಿರುವಿನಲ್ಲಿ ಅವಳನ್ನು ತಡೆದು ನಿಂತ. ಮೊದಲ ಬಾರಿ ಅವನ ಬಾಯಲ್ಲಿ ಜಂಬವಿರಲಿಲ್ಲ.

"ನೋವಿಲ್ಲದೇನೂ ಬರಬಹುದಾ? ಸುಮ್ನೆ... ನಿಮ್ಮ ಮುಖ ನೋಡ್ಕೊಂಡು ಕೂರೋದಕ್ಕೆ? ಜೀವಮಾನ ಪೂರ್ತಿ?"

 ಹೂಂ ಎನ್ನಲು ಅವಳ ಜೀವ ಹಾತೊರೆಯಿತು. ಆದರೆ ಕೈ ಸುಳ್ಳು ಹೇಳುವುದಿಲ್ಲವಲ್ಲ!

"ನನ್ನ ಕೈ ನನ್ನೋರ ನೋವು ತೆಗಿಯಲ್ಲ. ಹೆತ್ತ ತಾಯಿಯದೇ ತೆಗಿಲಿಲ್ಲ. ನಿಮ್ಮದು ಮುಟ್ಟಿದ ತಕ್ಷಣ ಹೋಗುತ್ತೆ... ಅಂದ್ರೆ ನನ್ನ ಮನಸ್ಸಲ್ಲಿ ನೀವಿಲ್ಲ. ಇದ್ದೀರಿ ಅಂತ ನನಗೆ ಅನ್ನಿಸೋದು ಬರೀ ಭ್ರಮೆ."

ಅವನ ಮುಖ ಬಿಳಿಚಿಕೊಂಡಿತು. "ಹೋಗೇ ಇಲ್ಲ ಕಣ್ರೀ! ಆ ಭುಜದ ನೋವು ಒಂದು ಚೂರೂ ಹೋಗಿಲ್ಲ. ಉಳಿದದ್ದೆಲ್ಲ ನಾಟಕ, ಅದೊಂದೇ ನಿಜ!"

ಅವಳು ಅವನನ್ನೇ ದಿಟ್ಟಿಸಿದಳು. ಒಂದೇ ಕೈಯಲ್ಲಿ ಲಿಫ್ಟು ಎತ್ತಿದವನು! ಬೇಕಾದದ್ದು ಸಿಗಲಿಲ್ಲವೆಂದು ಈಗ ಇನ್ನೊಂದು ಕಥೆ!

"ಹನ್ನೆರಡು ಜನ, ಮೂರು ಡೊಳ್ಳು ಹೊಟ್ಟೆ... ಅದಕ್ಕೆಲ್ಲ ನಕ್ಕೆ. ಆದ್ರೆ ಅಮ್ಮನ ಸಾವಿನ ಮೇಲೂ ಸುಳ್ಳು ಕಟ್ತೀರಾ? ಇನ್ನು ಬರಬೇಡಿ."

 ನಿಜ ಹೇಳಿ ಅಭ್ಯಾಸವಿಲ್ಲದವನಿಗೆ ಅದನ್ನು ನಂಬಿಸುವ ದಾರಿ ಗೊತ್ತಿರಲಿಲ್ಲ. ತಲೆ ತಗ್ಗಿಸಿ ಇಳಿದುಹೋದ.

ಆಮೇಲಿನ ದಿನಗಳು ಒದ್ದೆ ಬಟ್ಟೆಯಂತೆ ಭಾರವಾಗಿ ಜೋತುಬಿದ್ದವು. ಅವಳು ಕೈ ಇಟ್ಟಳು, ಜನ ಕುಣಿದು ಇಳಿದರು. ಪರದೆಯ ಹಿಂದೆ ಖಾಲಿ ಕುರ್ಚಿ ನೋಡುತ್ತ ತನ್ನ ಎದೆಯ ಮೇಲೆ ತಾನೇ ಅಂಗೈ ಒತ್ತಿಕೊಂಡಳು. ಅಲ್ಲಿನ ನೋವು ಜರುಗಲಿಲ್ಲ.

ಹಾಗಿರುವಾಗ ಚಿಕ್ಕಮ್ಮ ಲಿಫ್ಟಿನಲ್ಲಿ ಸಿಕ್ಕಿಕೊಂಡಳು. ಅದರ ನೆತ್ತಿ ಮೂರನೇ ಮಹಡಿಯ ನೆಲದ ಮಟ್ಟಕ್ಕೆ ಬಂತು, ಅಲ್ಲೇ ನಿಂತುಬಿಟ್ಟಿತು. ಯಾರೋ ಅವನನ್ನು ಕರೆತಂದರು. ಅವನು ಮೇಲಿನಿಂದ ಇಳಿದು ಲಿಫ್ಟಿನ ನೆತ್ತಿಯ ಮೇಲೆ ಕೂತ. ಅವಳು ಜಾಲರಿ ಬಾಗಿಲ ಇತ್ತ ಕತ್ತಲಲ್ಲಿ ನಿಂತಿದ್ದಳು. ಅವಳು ಅವನಿಗೆ ಕಾಣಲಿಲ್ಲ.

ತಲೆಯ ಮೇಲಿನ ಹಿಡಿಕೆಯೊಂದನ್ನು ಎರಡೂ ಕೈಯಲ್ಲಿ ಎಳೆಯಬೇಕಿತ್ತು. ಅವನು ಎಡಗೈಯಿಂದ ತನ್ನ ಬಲಗೈಯನ್ನು, ಬೇರೆ ಯಾರದೋ ಕೈಯೆಂಬಂತೆ, ಎತ್ತಿ ಹಿಡಿಕೆಗೆ ಸಿಕ್ಕಿಸಿದ. ಶಬ್ದ ಬಾರದಿರಲೆಂದು ಅಂಗಿಯ ಕಾಲರನ್ನು ಕಚ್ಚಿ ಹಿಡಿದ.

"ಏನಯ್ಯಾ, ಮೇಲೆ ನಿದ್ದೆ ಹೋದ್ಯಾ?" ಒಳಗಿನಿಂದ ಚಿಕ್ಕಮ್ಮ.

ಅವನು ಕಾಲರು ಬಿಟ್ಟ. "ಒಂದೇ ಕೈಲಿ ಎತ್ತುತ್ತಿದೀನಿ ಚಿಕ್ಕಮ್ಮ! ನಿಮ್ಮ ತೂಕ ಸ್ವಲ್ಪ ಜಾಸ್ತಿ, ಅಷ್ಟೇ!"

ದನಿ ನಗುತ್ತಿತ್ತು. ಕಣ್ಣುಗಳಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು.

 ನೋಡುವವರಿಲ್ಲದ ಕಡೆ ಯಾರು ನಾಟಕವಾಡುತ್ತಾರೆ? ಆ ನೋವು ನಿಜ. ಅವನು ಹೇಳಿದ ಒಂದೇ ಒಂದು ನಿಜ... ಅದನ್ನೇ ತಾನು ನಂಬಲಿಲ್ಲ!

ಜಾಲರಿಯ ಸಂದಿನಿಂದ ಕೈ ತೂರಿಸಿ ಅವನ ಭುಜ ಮುಟ್ಟಿದಳು. ಅವನು ಬೆಚ್ಚಿ ತಿರುಗಿದ.

"ಮೊದಲ ದಿನದಿಂದ?"

"ಮೊದಲ ದಿನದಿಂದ."

"ಮತ್ತೆ ಹೋಯ್ತು ಅಂತ ಯಾಕೆ ಅಂದ್ರಿ?"

"ನೀವು ಕೇಳಿದ ದನಿ ಹಾಗಿತ್ತು. ಇಲ್ಲ ಅಂದಿದ್ರೆ ಅಲ್ಲೇ ಮುರಿದು ಬೀಳ್ತಿದ್ರಿ."

ಮೊದಲ ದಿನದಿಂದ! ಹಾಗಾದರೆ ತನ್ನ ಕೈ ಮೊದಲ ದಿನವೇ ಇವನನ್ನು ತನ್ನವನೆಂದು ಗುರುತಿಸಿಬಿಟ್ಟಿತ್ತು. ತಿಳಿಯದೆ ಹೋದದ್ದು ತನಗೆ ಮಾತ್ರ.

ಅಂಗೈಯನ್ನು ಗಟ್ಟಿಯಾಗಿ ಒತ್ತಿದಳು. "ಈಗ... ಹೋಯ್ತಾ?"

"ಇಲ್ಲ."

"ಸ್ವಲ್ಪನಾದ್ರೂ?"

"ಚೂರೂ ಇಲ್ಲ." ಅವನು ಕಣ್ಣು ಮುಚ್ಚಿದ. "ಆದ್ರೂ... ಕೈ ತೆಗೀಬೇಡಿ."

ಅಮ್ಮನ ಮಾತು! ನೋವು ಹೋಗದಿದ್ದರೂ ಕೈ ಇರಲಿ ಎಂದ ಅಮ್ಮನದೇ ಮಾತು. ಅಮ್ಮನಿಗೆ ಬೇಕಿದ್ದದ್ದು ಮದ್ದಲ್ಲ, ಮಗಳು. ಇಷ್ಟು ಕಾಲ ಎದೆಯಲ್ಲಿ ಹೆಪ್ಪುಗಟ್ಟಿದ್ದು ಒಮ್ಮೆಲೇ ಒಡೆದು, ಅವಳು ಜಾಲರಿಗೆ ಹಣೆ ಒತ್ತಿ ಬಿಕ್ಕಿಬಿಕ್ಕಿ ಅತ್ತಳು. ಒಬ್ಬರು ಹೇಳಿದ 'ಇಲ್ಲ' ಇಷ್ಟು ಸಿಹಿಯಾಗಿರಬಹುದೆಂದು ಅವಳಿಗೆ ತಿಳಿದಿರಲಿಲ್ಲ.

"ನನ್ನನ್ನ ಇಳಿಸಿ ಆಮೇಲೆ ಅತ್ಕೊಳ್ರೋ!" ಕೆಳಗಿನಿಂದ ಚಿಕ್ಕಮ್ಮ ಗುಡುಗಿದಳು.

ಆಮೇಲೇನು? ಆಪರೇಷನ್ ಆಯಿತು. ಅವನ ತೋಳು ಹೊಸದಾಗಿ ಮೊಳೆಯಿತು. ಈಗ ಅವನು ಒಂದೇ ಕೈಯಲ್ಲಿ ಎರಡೆರಡು ಲಿಫ್ಟು ಎತ್ತುತ್ತ...

"ಏನು ಬರೀತಿದ್ದೀಯಾ? ಎಲ್ಲಿ ತೋರ್ಸು. ಐದನೇ ಮಹಡಿನಾ?!"

ಸಿಕ್ಕಿಬಿದ್ದೆ. ಅವಳು ನನ್ನ ಎಡಭುಜದ ಮೇಲಿಂದ ಓದುತ್ತಿದ್ದಾಳೆ. ಬಲಭುಜ ಪಟ್ಟಿಯಲ್ಲಿದೆ.

ಸರಿ, ನಿಜ ಹೇಳಿಬಿಡುತ್ತೇನೆ. ಆ ಲಿಫ್ಟಿನವನು ನಾನೇ. ಅವಳ ಮನಸ್ಸಿನ ಮಾತೆಲ್ಲ ಅವಳೇ ಹೇಳಿದ್ದು, ಅದರಲ್ಲಿ ಕಲಬೆರಕೆಯಿಲ್ಲ. ಲಿಫ್ಟು ಮಾತ್ರ ಅಂದು ಒಂದು ಗೇಣು ಏರಿ ನಿಂತಿತು. ಬಾಗಿಲ ಸಂದಿನಲ್ಲಿ ಅವಳ ಅಂಗೈ ಕಂಡಾಗ ಒಳಗಿನಿಂದ ಸ್ವಿಚ್ಚು ಒತ್ತಿದವನು ನಾನು. ಹನ್ನೆರಡು ಜನರೂ ಸುಳ್ಳು, ಖಾಲಿ ಲಿಫ್ಟಿನ ಮೇಲಿಂದ ಜಾರಿ ಒಂದೇ ಕೈಯಲ್ಲಿ ನೇತಾಡಿದ್ದೆ. ಈ ತೋಳು ಇನ್ನು ಭುಜದ ಮಟ್ಟಕ್ಕಿಂತ ಮೇಲೇಳುವುದಿಲ್ಲವಂತೆ. ಲಿಫ್ಟಿನ ಕೆಲಸ ಮುಗಿಯಿತು. ಇದೂ ಸುಳ್ಳಾಗಿದ್ದರೆ ಚೆನ್ನಾಗಿತ್ತು.

ಅವಳು ಪಟ್ಟಿಯ ಮೇಲೆ ಮೆಲ್ಲಗೆ ಅಂಗೈ ಇಟ್ಟಳು.

"ನೋಯ್ತಿದ್ಯಾ?"

"ಇಲ್ಲ."

ಅವಳು ಸುಮ್ಮನೆ ನನ್ನ ಮುಖ ನೋಡಿದಳು.

"...ನೋಯ್ತಿದೆ."

"ಕೈ ತೆಗೀಲಾ?"

"ಬೇಡ."