ಗಾಳೆಪ್ಪನ ಕೊಂಡಿ

ಇಳಕಲ್ಲಿನಲ್ಲಿ ನನ್ನ ಪಕ್ಕದ ಮನೆಯ, ನನ್ನಂತೆಯೇ ನೇಕಾರನಾದ ಗಾಳೆಪ್ಪ ಎಡಚ. ದಿನವೂ ಧ್ಯಾನ ಮುಗಿಸಿಯೇ ಸೆರಗಿನ ಎಳೆಗಳನ್ನು ಸೀರೆಯ ಒಡಲಿಗೆ ಕೊಂಡಿ ಹಾಕುತ್ತಿದ್ದ. ಅವನ ಕೊಂಡಿಗಳು ಎಡಕ್ಕೆ ತಿರುಗಿರುತ್ತಿದ್ದವು. ಊರೆಲ್ಲ ಅವನನ್ನೇ ಹೊಗಳುವಾಗ ನನ್ನ ಹೊಟ್ಟೆ ಉರಿಯುತ್ತಿತ್ತು.

1907ರ ಬೇಸಿಗೆ. ಅವನು ಬಾದಾಮಿಗೆ ಹೋದ ದಿನ ನಾನೂ ಹಟಕ್ಕೆ ಬಿದ್ದು, ನನ್ನ ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಧ್ಯಾನಕ್ಕೆ ಕಣ್ಣು ಮುಚ್ಚಿದೆ. ಓಣಿಯ ಲಾಳಿಗಳ ಸದ್ದು ಒಂದೊಂದಾಗಿ ಅಡಗಿತು. ಪಾದಗಳು ತಣ್ಣಗಾದವು. ಕೊನೆಗೆ ಕೇಳಿದ್ದು ಒಂದೇ ಉಸಿರು, ಅದು ನನ್ನದಲ್ಲ.

ಕಣ್ಣು ತೆರೆದಾಗ ಹೆಂಡತಿ ಚಂದವ್ವ ಎದುರಿಗಿದ್ದಳು.

"ಕಣ್ಣ ಮುಚ್ಚಿಕೊಂಡ ಎಲ್ಲಾ ಕೊಂಡಿ ಹಾಕೀರಲ್ರಿ! ಥೇಟ ಗಾಳೆಪ್ಪಣ್ಣನ ಕೈನ!"

ಆ ಹೊಗಳಿಕೆಯೂ ಅವನಿಗೇ ಹೋಯಿತು. ಬಗ್ಗಿ ನೋಡಿದೆ. ಕೊಂಡಿಗಳೆಲ್ಲ ಎಡಕ್ಕೆ ತಿರುಗಿದ್ದವು.

ನಾನು ಬಲಗೈಯವನು. ಆದರೂ ಅಂದಿನಿಂದ ಉಣ್ಣಲು ಕೂತರೆ ತಾಟಿಗೆ ಮೊದಲು ಹೋಗುವುದು ನನ್ನ ಎಡಗೈ.