ಜೋಡಿ ಗುಂಡಿಯ ಸಿಪಾಯಿ

ಭೂತಗನ್ನಡಿ ಹಿಡಿದು ನಾನು ಬರೆದ ಚಿತ್ರ ನೋಡಿದ ಸಿಪಾಯಿ ಫಕ್ಕನೆ ನಕ್ಕುಬಿಟ್ಟ. ನನಗೆ ಮೈಯೆಲ್ಲ ಉರಿದುಹೋಯಿತು.

"ಏನ್ರೀ ನಗು?"

"ಕೋಲ್ಡ್‌ಸ್ಟ್ರೀಮ್ ಪಡೆಯವನಿಗೆ ಕೋಟಿಗೆ ಒಂಟಿ ಒಂಟಿ ಗುಂಡಿ ಹಾಕಿದೀರಲ್ಲ ಮಿಸ್ ಪ್ರಾಸರ್! ಅದು ಗ್ರೆನೇಡಿಯರ್ ಪಡೆಯವರದು. ನಮ್ಮದು ಎರಡೆರಡು, ಜೋಡಿ ಜೋಡಿ." ತನ್ನ ಕೆಂಪು ಕೋಟಿನ ಎದೆ ತಟ್ಟಿ ತೋರಿಸಿದ.

ಅಯ್ಯೋ ದೇವರೇ! ಬ್ರಿಸ್ಟಲ್‌ನ ಈ ಅಚ್ಚುಕೂಟದಲ್ಲಿ ಸಿಗರೇಟು ಪ್ಯಾಕಿನೊಳಗಿಡುವ ಸಿಪಾಯಿ ಕಾರ್ಡುಗಳಿಗೆ ಚಿತ್ರ ಬರೆಯೋ ಹೆಣ್ಣು ನಾನೊಬ್ಬಳೇ. ಇದು ನನ್ನ ಮೊದಲ ಕಾರ್ಡು. ತಪ್ಪಾದರೆ ವಾಪಸ್ ಪ್ಯಾಕಿಂಗ್ ಕೆಲಸಕ್ಕೆ ಅಂತ ಮೇಲ್ವಿಚಾರಕ ಹಾಸ್ಕಿನ್ ಮೊದಲೇ ಹೇಳಿದ್ದರು. ನಾಲ್ಕು ಗಂಟೆಗೆ ಚಿತ್ರ ಅಚ್ಚಿಗೆ ಹೋಗಬೇಕು. ಅದಕ್ಕೆ ಮುಂಚೆ, ಪಡೆಯಿಂದ ಬಂದಿರುವ ಈ ಕಾರ್ಪೋರಲ್ ಟ್ರಿಗ್ 'ಸರಿಯಿದೆ' ಅಂತ ಸಹಿ ಹಾಕಬೇಕು.

"ಬೆರಳುದ್ದದ ಕಾರ್ಡು. ಗುಂಡಿ ಯಾರ್ರೀ ಎಣಿಸ್ತಾರೆ?" ಅಂದೆ.

"ನಮ್ಮ ಹುಡುಗರೆಲ್ಲ ಎಣಿಸ್ತಾರೆ. ನಾನಂತೂ ಸಿಗರೇಟೇ ಸೇದೋಲ್ಲ, ಕಾರ್ಡಿಗೋಸ್ಕರ ಪ್ಯಾಕ್ ಕೊಳ್ತೀನಿ." ಮತ್ತೆ ಬಗ್ಗಿ ನೋಡಿದ. ಈ ಸಲ ನಗಲಿಲ್ಲ. "ಅಬ್ಬಾ, ಹೊಲಿಗೆ ಕೂಡ ಕಾಣಿಸ್ತಿದೆಯಲ್ರೀ! ಕೈಯಲ್ಲೇ ಬರೆದಿದ್ದಾ?"

"ಮೂರು ಕೂದಲಿನ ಕುಂಚ."

ಚರ್ಚಿನೊಳಗೆ ಕಾಲಿಟ್ಟವನ ಹಾಗೆ ಅವನು ಮೆಲ್ಲಗೆ ಟೋಪಿ ತೆಗೆದ. ಆಮೇಲೆ ಕಿಟಕಿ ಹತ್ತಿರ ಹೋಗಿ ನೆಟ್ಟಗೆ ನಿಂತ. "ಇನ್ನೂ ಎರಡು ಗಂಟೆ ಟೈಮಿದೆ. ನನ್ನನ್ನ ನೋಡ್ಕೊಂಡು ಬರೀರಿ."

ಗುಂಡಿಗೆ ಅರ್ಧ ಗಂಟೆ ಸಾಕಾಯಿತು. ಆದರೆ ಕಣ್ಣು ಮೇಲೆ ಮೇಲೆ ಹೋಯಿತು. ಎಡ ಹುಬ್ಬನ್ನು ಸೀಳಿದ ಹಳೇ ಗಾಯ, ನಗು ತಡೆದು ತಡೆದು ಅದುರುವ ತುಟಿ. ಇಷ್ಟು ದೊಡ್ಡ ಆಳು, ನನ್ನ ಕೆಲಸ ಉಳಿಯಲಿ ಅಂತ ಕಂಬದ ಹಾಗೆ ನಿಂತಿದ್ದಾನೆ! ನನಗೆ ಬೆರಗೋ ಬೆರಗು. ಕೈ ತಾನಾಗಿಯೇ ಆ ಮುಖವನ್ನೂ ಬರೆದುಬಿಟ್ಟಿತು.

ನಾಲ್ಕಕ್ಕೆ ಹಾಸ್ಕಿನ್ ಬಂದರು. "ಗುಂಡಿ ಸರಿಯಿದೆಯಾ ಕಾರ್ಪೋರಲ್?"

"ಸರಿಯಿದೆ ಸರ್. ಮುಖ ಮಾತ್ರ ತಪ್ಪು. ನಾನು ಇಷ್ಟು ಚೆನ್ನಾಗಿಲ್ಲ."

"ಹಾಗೇ ಇದೀರಿ!" ಅಂತ ಕಿರುಚಿಬಿಟ್ಟೆ. "ಎರಡು ಗಂಟೆ ನೋಡಿದೀನಿ, ನನಗೆ ಗೊತ್ತಿಲ್ವಾ?"

ಹಾಸ್ಕಿನ್ ಕೆಮ್ಮಿದರು. ಟ್ರಿಗ್‌ನ ಕಿವಿ ಅವನ ಕೋಟಿಗಿಂತ ಕೆಂಪಾಯಿತು. ಸಹಿ ಹಾಕಿ, ಪೆನ್ನು ಕೆಳಗಿಟ್ಟು, ನನ್ನ ಕಡೆ ತಿರುಗಿದ.

"ಭಾನುವಾರ ನನ್ನ ಜೊತೆ ನದಿ ಕಡೆ ಬರ್ತೀರಾ? ನಮ್ಮ ಪಡೇಲಿ ಒಂಟಿಯಾಗಿರೋದು ತಪ್ಪು ಅಂತ ಆಗಲೇ ಹೇಳಿದ್ದೆನಲ್ಲ."

"ಬರ್ತೀನಿ," ಅಂದೆ. "ಈ ಕೋಟಲ್ಲೇ ಬನ್ನಿ. ಗುಂಡಿ ಇನ್ನೊಂದು ಸಲ ಎಣಿಸ್ಬೇಕು."